ಎರಡು ಪದಗಳ ನಡುವಣ ಗೆರೆ



ಈ ಸಂಜೆ ನಾನು ಮಾತನಾಡಲು ಒಪ್ಪಿಕೊಂಡಿರುವ ವಸ್ತು ಕಿವಿಗೆ ಕೇಳಿಸತಕ್ಕದ್ದಲ್ಲ, ಕಣ್ಣಿಗೆ ಕಾಣತಕ್ಕದ್ದು. ಅದೂ ಸಾವಧಾನವಾಗಿ ನೋಡದಿದ್ದರೆ ಕಾಣದೆ ಹೋಗುವಷ್ಟು ಸಣ್ಣದು. ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಕೂಡಿಸಿ ಒಂದು ಮಾಡುವಾಗ ಅವುಗಳ ನಡುವೆ ಎಳೆಯುವ ಕಿರಿಯ ಅಡ್ಡಗೆರೆ, ಹೈಫನ್ ಎಂಬುದು. ಗೆರೆಯನ್ನು ಬಾನುಲಿಯಲ್ಲಿ ತೋರಿಸುವುದು ಹೇಗೆ ಎಂದು ಮಿತ್ರರೊಬ್ಬರು ಕೇಳಿ ನಕ್ಕರು. ತೋರಿಸಲಾರೆ, ಆದರೆ ಕೇಳಿಸಬಲ್ಲೆನೆಂಬ ನಂಬಿಕೆ ನನಗಿದೆ.

ಈ ಗೆರೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಪುಸ್ತಕಗಳಿಂದಲ್ಲ, ನನ್ನ ಒಂದು ತಪ್ಪಿನಿಂದ. ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡಲು ತೊಡಗಿದ ಮೊದಲ ವರ್ಷಗಳಲ್ಲಿ ನಾನು ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಹೈಫನ್ ಕಂಡಕಂಡಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದೆ. ಅದು ಹಳೆಯ ಕಾಲದ ಆಡಂಬರ, ಇಲ್ಲದಿದ್ದರೂ ನಡೆಯುತ್ತದೆ ಎಂಬುದು ಆಗಿನ ನನ್ನ ಸಿದ್ಧಾಂತ. ನನ್ನ ಕೈಕೆಳಗೆ ಓದಿದ ಒಬ್ಬ ಹುಡುಗ ಮುಂದೆ ಒಂದು ಕಚೇರಿಯಲ್ಲಿ ವರ್ಷದ ಕರಾರಿನ ಮೇಲೆ ಗುಮಾಸ್ತನಾಗಿ ಸೇರಿದ. ವರ್ಷ ತುಂಬುತ್ತ ಬಂದಾಗ, ಅದೇ ಷರತ್ತುಗಳ ಮೇಲೆ ಕರಾರಿಗೆ ಮತ್ತೆ ಸಹಿ ಹಾಕಲು ಸಿದ್ಧನಿದ್ದೇನೆಂದು ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದ. ಮತ್ತೆ ಸಹಿ ಹಾಕುವುದಕ್ಕೆ ‘ರೀ-ಸೈನ್’ ಎಂದು ಬರೆಯಬೇಕು. ಗುರುವಿನ ಕೆಂಪು ಶಾಯಿಯನ್ನು ನೆನೆದು ಅವನು ನಡುವಣ ಗೆರೆಯನ್ನು ಬಿಟ್ಟ. ಗೆರೆ ಹೋದರೆ ಅವೇ ಅಕ್ಷರಗಳು ‘ರಿಝೈನ್’ ಎಂದಾಗುತ್ತವೆ, ಅಂದರೆ ರಾಜೀನಾಮೆ. ತಿಂಗಳ ಕೊನೆಗೆ ರಾಜೀನಾಮೆ ಕೊಡಲು ಸಿದ್ಧನಿದ್ದೇನೆ ಎಂಬ ಕಾಗದವನ್ನು ಕಚೇರಿಯವರು ವಿಷಾದಪೂರ್ವಕವಾಗಿ ಅಂಗೀಕರಿಸಿದರು. ತಪ್ಪು ಬಗೆಹರಿದು ಅವನಿಗೆ ಕೆಲಸ ಮರಳಿ ಸಿಕ್ಕುವ ವೇಳೆಗೆ ಎರಡು ತಿಂಗಳ ಸಂಬಳ ಹೋಗಿತ್ತು. ಆ ಹುಡುಗ ನನ್ನನ್ನು ದೂರಲಿಲ್ಲ. ಬಂದು ನಡೆದುದನ್ನು ಹೇಳಿ ನಕ್ಕು ಹೋದ. ದೂರಿದ್ದರೆ ನನಗೆ ಇಷ್ಟು ಮುಜುಗರವಾಗುತ್ತಿರಲಿಲ್ಲ.

ಒಂದು ಅಂಶವನ್ನು ತಾವು ಈಗಾಗಲೇ ಗಮನಿಸಿರಬಹುದು. ನಾನು ‘ರೀ-ಸೈನ್’ ಎಂದಾಗಲೂ ‘ರಿಝೈನ್’ ಎಂದಾಗಲೂ ತಮ್ಮ ಕಿವಿಗೆ ಸಂದೇಹವುಂಟಾಗಲಿಲ್ಲ. ಅವನು ಅಧಿಕಾರಿಯ ಎದುರಿಗೆ ನಿಂತು ಬಾಯಲ್ಲಿ ಹೇಳಿದ್ದರೆ ಕೆಲಸ ಉಳಿಯುತ್ತಿತ್ತು. ಬಾಯಿ ಒತ್ತಿನಿಂದಲೂ ಬಿಡುವಿನಿಂದಲೂ ಹೇಳುವುದನ್ನು ಕಾಗದ ಹೇಳಲಾರದು. ಆ ಕೊರತೆಯನ್ನು ತುಂಬಲು ಹುಟ್ಟಿದ್ದು ಈ ಗೆರೆ. ಹೆಸರೇ ಅದನ್ನು ಹೇಳುತ್ತದೆ. ಹೈಫನ್ ಎಂಬುದು ಗ್ರೀಕ್ ಮಾತು. ‘ಒಂದರ ಅಡಿಯಲ್ಲಿ’, ‘ಒಟ್ಟಿಗೆ’ ಎಂದು ಅದರ ಅರ್ಥ. ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದ ಆ ಪ್ರಾಚೀನ ಕಾಲದಲ್ಲಿ, ಇವೆರಡನ್ನು ಒಂದೇ ಪದವಾಗಿ ಓದಿರಿ ಎಂದು ತಿಳಿಸುವುದಕ್ಕಾಗಿ ವೈಯಾಕರಣರು ಅಕ್ಷರಗಳ ಕೆಳಗೆ ಬಿಲ್ಲಿನಂತೆ ಬಾಗಿದ ಗುರುತೊಂದನ್ನು ಹಾಕುತ್ತಿದ್ದರು. ಸಾಲಿನ ಕೊನೆಯಲ್ಲಿ ಪದ ಮುರಿದಾಗ ಹಾಕುವ ಗೆರೆಯ ಕಥೆ ಬೇರೆ. 1455ರ ಸುಮಾರಿನಲ್ಲಿ ಗುಟೆನ್‌ಬರ್ಗನು ಅಚ್ಚುಮಾಡಿದ ಬೈಬಲ್ಲಿನಲ್ಲಿ ಅದು ಓರೆಯಾದ ಜೋಡುಗೆರೆಯಾಗಿ ಕಾಣುತ್ತದೆ. ಅದು ಅಚ್ಚಿನ ಮನೆಯ ಅನುಕೂಲಕ್ಕೆ ಬಂದದ್ದು. ಇಂದಿನ ನಮ್ಮ ಮಾತು ಅರ್ಥದ ಗೆರೆಯನ್ನು ಕುರಿತದ್ದು.

ಒತ್ತಿನ ವಿಷಯಕ್ಕೆ ಒಂದು ದೃಷ್ಟಾಂತ ಕೊಡುತ್ತೇನೆ. ನಾನು ‘ಇಂಗ್ಲಿಷ್ ಟೀಚರ್’. ಮೊದಲನೆಯ ಪದವನ್ನು ಒತ್ತಿ ಹೇಳಿದರೆ ಇಂಗ್ಲಿಷನ್ನು ಬೋಧಿಸುವವನು ಎಂದು ಅರ್ಥ. ಎರಡನೆಯದನ್ನು ಒತ್ತಿದರೆ ಇಂಗ್ಲಿಷರವನಾದ ಉಪಾಧ್ಯಾಯ ಎಂದು ಅರ್ಥವಾಗುತ್ತದೆ. ನಾನು ಮೊದಲನೆಯ ಬಗೆಯವನೆಂದು ನನ್ನ ಉಚ್ಚಾರಣೆಯಿಂದಲೇ ತಮಗೆ ತಿಳಿದಿದೆ. ‘ಬ್ಲ್ಯಾಕ್‌ಬೋರ್ಡ್’ ಎಂಬುದೂ ಹೀಗೆಯೇ. ಒತ್ತು ಮೊದಲಲ್ಲಿದ್ದರೆ ತರಗತಿಯ ಬರೆಯುವ ಹಲಗೆ; ಎರಡು ಪದಗಳನ್ನೂ ಬಿಡಿಬಿಡಿಯಾಗಿ ಒತ್ತಿದರೆ ಕಪ್ಪಾಗಿರುವ ಯಾವುದೋ ಒಂದು ಹಲಗೆ. ನಮ್ಮ ಕಾಲೇಜಿನ ಬ್ಲ್ಯಾಕ್‌ಬೋರ್ಡುಗಳು ಕೆಲವು ಹಸುರು ಬಣ್ಣದವು. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಹೊಸಪೇಟೆ ಹಳೆಯದಾದುದರಿಂದ ಯಾರಿಗೆ ತೊಂದರೆಯಾಗಿದೆ?

ಈ ಸೂಕ್ಷ್ಮವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡಿದ್ದರು. ವ್ಯಾಕರಣ ಓದುವುದರ ಪ್ರಯೋಜನವೇನೆಂಬುದಕ್ಕೆ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಸೂಚಿಸಿರುವ ವೈದಿಕ ಕಥೆಯೊಂದಿದೆ. ತನ್ನ ಮಗನನ್ನು ಕೊಂದ ಇಂದ್ರನ ಮೇಲೆ ಹಗೆ ತೀರಿಸಿಕೊಳ್ಳಲು ತ್ವಷ್ಟೃವು ಹೋಮಮಾಡಿ, ‘ಇಂದ್ರಶತ್ರು’ವಾಗಿ ಬೆಳೆ ಎಂದು ವೃತ್ರನನ್ನು ಹರಸಿದ. ಶತ್ರು ಎಂದರೆ ಇಲ್ಲಿ ಕೊಲ್ಲುವವನು. ಸ್ವರ ಕೊನೆಯಲ್ಲಿ ಬಿದ್ದಿದ್ದರೆ ತತ್ಪುರುಷ ಸಮಾಸ. ಇಂದ್ರನನ್ನು ಕೊಲ್ಲುವವನು ಎಂದಾಗುತ್ತಿತ್ತು. ಬಾಯಿ ತಪ್ಪಿ ಸ್ವರ ಮೊದಲಿಗೆ ಬಿದ್ದಿತು, ಬಹುವ್ರೀಹಿಯಾಯಿತು, ಇಂದ್ರನೇ ಯಾವನನ್ನು ಕೊಲ್ಲುವನೋ ಅವನು ಎಂದಾಯಿತು. ಹಾಗೆಯೇ ನಡೆಯಿತು. ನನ್ನ ಶಿಷ್ಯನಿಗೆ ಹೋದದ್ದು ಎರಡು ತಿಂಗಳ ಸಂಬಳ. ವೃತ್ರನಿಗೆ ಪ್ರಾಣವೇ ಹೋಯಿತು.

ನಮ್ಮ ಕನ್ನಡಕ್ಕೆ ಈ ಗೆರೆ ಅಷ್ಟಾಗಿ ಬೇಡ. ನಾವು ಪದಗಳನ್ನು ಕೂಡಿಸುವಾಗ ಅಕ್ಷರವನ್ನೇ ಬದಲಿಸಿಬಿಡುತ್ತೇವೆ. ‘ಹಳೆಯ ಕನ್ನಡ’ ಎಂದರೆ ಹಳೆಯದಾದ ಯಾವ ಕನ್ನಡವಾದರೂ ಆದೀತು. ‘ಹಳಗನ್ನಡ’ ಎಂದೊಡನೆ ಪಂಪ ರನ್ನರ ಭಾಷೆ ಎಂದು ಖಚಿತವಾಯಿತು. ಕಕಾರ ಗಕಾರವಾದುದೇ ನಮ್ಮ ಹೈಫನ್. ಮಳೆಗಾಲ, ಕಂಬನಿ, ಬೆಟ್ಟದಾವರೆ ಇವುಗಳಲ್ಲೆಲ್ಲ ಸಂಧಿಯೇ ಗೆರೆಯ ಕೆಲಸವನ್ನು ಮಾಡುತ್ತಿದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಸಮಾಸಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಇಂಗ್ಲಿಷಿನವರಿಗೆ ಈ ಸೌಲಭ್ಯವಿಲ್ಲ. ಅವರ ಪದಗಳು ಪಕ್ಕಪಕ್ಕದಲ್ಲಿ ಕುಳಿತರೂ ಒಂದನ್ನೊಂದು ಮುಟ್ಟಿಸಿಕೊಳ್ಳುವುದಿಲ್ಲ. ಕೂಡಿವೆಯೋ ಇಲ್ಲವೋ ಎಂಬುದನ್ನು ಹೊರಗಿನಿಂದ ಗುರುತು ಮಾಡಬೇಕು.

ಹಾಗಾದರೆ ಎಲ್ಲಿ ಗೆರೆ ಎಳೆಯಬೇಕು? ನನ್ನ ಅನುಭವದಲ್ಲಿ ಇದಕ್ಕೆ ಉತ್ತಮವಾದ ಸಾಧನ ನಮ್ಮ ಪಾಠಶಾಲೆಯ ಹಳೆಯ ವಿಗ್ರಹವಾಕ್ಯವೇ. ಸಮಾಸವನ್ನು ಬಿಡಿಸಿ ಹೇಳು ಎಂದು ಪಂಡಿತರು ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿ ಕೇಳುತ್ತಿರಲಿಲ್ಲವೆ, ಅದು. ಮೊದಲು ಅರ್ಥವನ್ನು ಬಿಡಿಸಬೇಕು, ಆಮೇಲೆ ಗೆರೆ. ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇದನ್ನು ತಿರುಗುಮುರುಗು ಮಾಡುತ್ತಾರೆ. ಗೆರೆ ಉಂಟೆ ಇಲ್ಲವೆ ಎಂದು ನಿಘಂಟಿನಲ್ಲಿ ಹುಡುಕುತ್ತಾರೆ. ಪದದ ಅರ್ಥವೇನೆಂದು ಯೋಚಿಸುವುದಿಲ್ಲ.

ಮರಗಳ ಹರಾಜಿಗೆ ಇಂಗ್ಲಿಷಿನಲ್ಲಿ ಒಂದು ಪ್ರಕಟಣೆ ಹೊರಡಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ‘ತ್ರೀ ಹಂಡ್ರೆಡ್ ಇಯರ್ ಓಲ್ಡ್ ಟ್ರೀಸ್’ ಎಂದು ಐದು ಪದಗಳಿವೆ. ಗೆರೆಯಿಲ್ಲ. ಕೊಳ್ಳುವವನು ಏನೆಂದು ತಿಳಿಯಬೇಕು? ಮೊದಲ ನಾಲ್ಕು ಪದಗಳನ್ನೂ ಗೆರೆಗಳಿಂದ ಕೂಡಿಸಿದರೆ, ಮುನ್ನೂರು ವರ್ಷ ವಯಸ್ಸಾದ ಮರಗಳು, ಎಷ್ಟೆಂದು ಹೇಳಿಲ್ಲ. ‘ತ್ರೀ’ಯನ್ನು ಬಿಟ್ಟು ಅದರ ಮುಂದಿನ ಮೂರನ್ನು ಕೂಡಿಸಿದರೆ, ನೂರು ವರ್ಷದ ಮರಗಳು ಮೂರು. ‘ಇಯರ್’ ಮತ್ತು ‘ಓಲ್ಡ್’ ಎಂಬೆರಡನ್ನು ಮಾತ್ರ ಕೂಡಿಸಿದರೆ, ವರ್ಷ ತುಂಬಿದ ಸಸಿಗಳು ಮುನ್ನೂರು. ಹಣವನ್ನು ಕಟ್ಟಿ, ಕೊಡಲಿಯಾಳುಗಳನ್ನು ಕರೆದುಕೊಂಡು ಹೋದವನಿಗೆ ಮುಂದೆ ಮೊಣಕಾಲೆತ್ತರದ ಸಸಿಗಳು ನಿಂತಿದ್ದರೆ ಅವನ ಪಾಡೇನು? ‘ಮ್ಯಾನ್-ಈಟಿಂಗ್ ಟೈಗರ್’ ಎಂದರೆ ನರಭಕ್ಷಕ ವ್ಯಾಘ್ರ. ಗೆರೆಯನ್ನು ತೆಗೆದರೆ ಹುಲಿಯನ್ನು ತಿನ್ನುತ್ತಿರುವ ಮನುಷ್ಯನೂ ಆಗಬಹುದು. ಇದು ತರಗತಿಯಲ್ಲಿ ನಗೆ ಹುಟ್ಟಿಸುವ ಉದಾಹರಣೆ. ಮರದ ಉದಾಹರಣೆಯಲ್ಲಿ ನಗೆಯಿಲ್ಲ.

ವಿಶೇಷ್ಯಕ್ಕೆ ಮುಂಚೆ ಬರುವ ಕೂಡುಪದಕ್ಕೆ ಗೆರೆ ಬೇಕು, ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ ಎಂಬ ನಿಯಮ ಇದರಿಂದಲೇ ಹುಟ್ಟಿದ್ದು. ‘ವೆಲ್-ನೋನ್ ಪೊಯೆಟ್’ ಎನ್ನುವಲ್ಲಿ ಗೆರೆ ಇದೆ. ಕವಿ ‘ವೆಲ್ ನೋನ್’ ಎಂದು ವಾಕ್ಯದ ಕೊನೆಯಲ್ಲಿ ಹೇಳುವಾಗ ಇಲ್ಲ. ನಡುವೆ ಕ್ರಿಯಾಪದ ಬಂದು ನಿಂತಿರುವುದರಿಂದ ಯಾವ ಪದ ಯಾವುದಕ್ಕೆ ಸೇರಿತೆಂಬ ಸಂದೇಹವೇ ಏಳುವುದಿಲ್ಲ. ‘ಹೈಲಿ ಎಜುಕೇಟೆಡ್’ ಎಂಬಂತೆ ಮೊದಲ ಪದವು ‘ಲಿ’ ಎಂದು ಮುಗಿಯುವ ಕ್ರಿಯಾವಿಶೇಷಣವಾದರೆ ಎಲ್ಲಿಯೂ ಗೆರೆ ಬೇಡ. ಆ ‘ಲಿ’ಯೇ ಮುಂದಿನ ಪದದ ಕಡೆಗೆ ಬೆರಳು ತೋರಿಸುತ್ತದೆ. ಉಳಿದ ಸಣ್ಣ ನಿಯಮಗಳನ್ನು ವ್ಯಾಕರಣ ಪುಸ್ತಕಗಳಿಗೆ ಬಿಡೋಣ.

ಬಿಡಿಸಿದ ಮಾತ್ರಕ್ಕೆ ಅರ್ಥ ದೊರೆಯುವುದೆಂದೂ ಅಲ್ಲ. ‘ವಿಂಡ್‌ಮಿಲ್’ ಎಂದರೆ ಗಾಳಿಯಿಂದ ತಿರುಗುವ ಗಿರಣಿ; ‘ಫ್ಲೋರ್ ಮಿಲ್’ ಎಂದರೆ ಹಿಟ್ಟು ಮಾಡುವ ಗಿರಣಿ. ಮೊದಲನೆಯದು ಗಾಳಿಯನ್ನು ಬೀಸುವುದಿಲ್ಲ, ಎರಡನೆಯದು ಹಿಟ್ಟಿನಿಂದ ತಿರುಗುವುದಿಲ್ಲ. ನಮ್ಮಲ್ಲಿ ಎಳ್ಳೆಣ್ಣೆ ಎಳ್ಳಿನಿಂದ ಬಂದದ್ದು. ತಲೆಯೆಣ್ಣೆ ತಲೆಯಿಂದ ಬಂದದ್ದಲ್ಲ. ನಡುವಣ ಸಂಬಂಧವನ್ನು ಪದಗಳು ಹೇಳುವುದಿಲ್ಲ, ಲೋಕಾನುಭವ ಹೇಳುತ್ತದೆ. ಇನ್ನು ‘ರೆಡ್‌ಕೋಟ್’ ಎಂಬುದಕ್ಕೆ ಕೆಂಪು ಅಂಗಿ ಎಂದು ಬರೆದ ವಿದ್ಯಾರ್ಥಿ ಪದಶಃ ಸರಿ, ಅರ್ಥದಲ್ಲಿ ತಪ್ಪು. ಅದು ಅಂಗಿಯಲ್ಲ, ಅಂಗಿ ತೊಟ್ಟ ಹಿಂದಣ ಕಾಲದ ಬ್ರಿಟಿಷ್ ಸಿಪಾಯಿ. ಮುಕ್ಕಣ್ಣ ಎಂದರೆ ಮೂರು ಕಣ್ಣುಗಳಲ್ಲ, ಅವುಗಳನ್ನುಳ್ಳ ಈಶ್ವರ. ಇಂಥ ಪದಗಳನ್ನು ಪಾಶ್ಚಾತ್ಯ ಭಾಷಾಶಾಸ್ತ್ರಜ್ಞರು ಇಂದಿಗೂ ‘ಬಹುವ್ರೀಹಿ’ ಎಂದೇ ಕರೆಯುತ್ತಾರೆ. ಪಾಣಿನೀಯರ ಮಾತನ್ನು ಹಾಗೆಯೇ ಎತ್ತಿಕೊಂಡಿದ್ದಾರೆ.

ಕೆಲವು ಬಾರಿ ವಿಗ್ರಹವೇ ಅಸಾಧ್ಯ. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಬಳಕೆಯಾದ ಪದಗಳನ್ನು ಕಲೆಹಾಕಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ಪ್ರಕಟಿಸಿದ ಕೋಶಕ್ಕೆ ‘ಹಾಬ್ಸನ್-ಜಾಬ್ಸನ್’ ಎಂದು ಹೆಸರು. ಹಾಬ್ಸನ್ ಯಾರು, ಜಾಬ್ಸನ್ ಯಾರು? ಇಬ್ಬರೂ ಇಲ್ಲ. ಮೊಹರಮ್ಮಿನ ಮೆರವಣಿಗೆಯಲ್ಲಿ ಹಸನ್ ಹುಸೇನರನ್ನು ಕೂಗಿ ಕರೆಯುವ ದನಿ ಗೋರಾ ಸಿಪಾಯಿಗಳ ಕಿವಿಯಲ್ಲಿ ಹೀಗೆ ಬಿದ್ದಿತ್ತು.

ಗೆರೆಯ ಆಯುಸ್ಸಿನ ಬಗ್ಗೆಯೂ ಒಂದು ಮಾತು. ಪದಗಳು ಮೊದಲು ಬೇರೆಬೇರೆಯಾಗಿ ಇರುತ್ತವೆ, ಬಳಕೆ ಹೆಚ್ಚಿದಂತೆ ಗೆರೆಯಿಂದ ಕೂಡುತ್ತವೆ, ಕೊನೆಗೆ ಗೆರೆಯನ್ನೂ ಕಳೆದುಕೊಂಡು ಒಂದಾಗುತ್ತವೆ ಎಂದು ಹೇಳುವುದುಂಟು. ನಮ್ಮ ಅಜ್ಜಂದಿರು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿ ‘ಟುಡೇ’, ‘ಟುಮಾರೋ’ ಎಂಬ ಪದಗಳಿಗೂ ನಡುವೆ ಗೆರೆ ಇತ್ತು. ಮಿಂಚಂಚೆಗೆ ಹೇಳುವ ‘ಇ-ಮೇಲ್’ ಎಂಬ ಪದದ ಗೆರೆಯನ್ನು ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ಶೈಲಿಗ್ರಂಥ 2011ರಲ್ಲಿ ಕೈಬಿಟ್ಟಿತು. ಷಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಂತೂ 2007ರ ಆರನೆಯ ಆವೃತ್ತಿಯಲ್ಲಿ ಒಂದೇ ಸಲಕ್ಕೆ ಸುಮಾರು 16,000 ಪದಗಳ ಗೆರೆಯನ್ನು ಅಳಿಸಿದರು. ಆದರೆ ಎಲ್ಲವೂ ಒಂದಾಗಲಿಲ್ಲ. ‘ಪಿಜನ್‌ಹೋಲ್’ ಕೂಡಿಕೊಂಡಿತು, ‘ಐಸ್ ಕ್ರೀಂ’ ಮತ್ತೆ ಎರಡಾಗಿ ಬೇರೆ ನಿಂತಿತು. ‘ಹೈ ಸ್ಕೂಲ್’ ಶತಮಾನಗಳಿಂದ ಬೇರೆಯಾಗಿಯೇ ಇದೆ. ಈ ವಿಷಯದಲ್ಲಿ ನಿಘಂಟುಗಳು ಒಂದಕ್ಕೊಂದು ಒಪ್ಪುವುದಿಲ್ಲ. ಯಾವುದಾದರೂ ಒಂದನ್ನು ಹಿಡಿದು ಅದರಂತೆ ನಡೆಯುವುದು ಲೇಸು. ಆದರೆ ಅರ್ಥ ಕೆಡುವ ಕಡೆ ನಿಘಂಟನ್ನು ಮೀರಿಯಾದರೂ ಗೆರೆ ಎಳೆಯಿರಿ ಎಂದು ನನ್ನ ತರಗತಿಯಲ್ಲಿ ಈಗ ಹೇಳುತ್ತಿದ್ದೇನೆ.

ಇಷ್ಟು ಹೊತ್ತು ಮರ, ಹಲಗೆ, ಎಣ್ಣೆಗಳ ಮಾತಾಯಿತು. ಮನುಷ್ಯರನ್ನೇ ಹೆಸರಿಸುವ ಕೂಡುಪದ ಬಂದಾಗ ವಿಷಯ ಗಹನವಾಗುತ್ತದೆ. ಅಮೆರಿಕದಲ್ಲಿ ಐರಿಷ್-ಅಮೆರಿಕನ್, ಜರ್ಮನ್-ಅಮೆರಿಕನ್ ಎಂದು ತಮ್ಮನ್ನು ಕರೆದುಕೊಳ್ಳುತ್ತಿದ್ದವರನ್ನು ಥಿಯೊಡೋರ್ ರೂಸ್‌ವೆಲ್ಟ್ 1915ರ ಒಂದು ಭಾಷಣದಲ್ಲಿ ‘ಹೈಫನ್ ಉಳ್ಳ ಅಮೆರಿಕನರು’ ಎಂದು ಖಂಡಿಸಿದ. ಗೆರೆಯ ಎಡಗಡೆಯಲ್ಲಿ ಬೇರೆ ನಿಷ್ಠೆ ಅಡಗಿದೆ ಎಂಬುದು ಅವನ ಶಂಕೆ. ನೂರು ವರ್ಷಗಳಾಚೆ, 2019ರಲ್ಲಿ, ಮೇಲೆ ಹೇಳಿದ ಶೈಲಿಗ್ರಂಥವು ಆಫ್ರಿಕನ್ ಅಮೆರಿಕನ್, ಏಷ್ಯನ್ ಅಮೆರಿಕನ್ ಮುಂತಾದ ಹೆಸರುಗಳಿಂದ ಗೆರೆಯನ್ನು ತೆಗೆದುಹಾಕಿತು. ಆ ಗೆರೆ ತಮ್ಮನ್ನು ಅರೆ ಅಮೆರಿಕನರನ್ನಾಗಿ ಮಾಡುತ್ತದೆಂದು ಅನೇಕರು ನೊಂದಿದ್ದರು. ವ್ಯಾಕರಣದಿಂದಲೂ ಅವರ ಪಕ್ಷ ಸಾಧುವೆಂದು ನನಗೆ ತೋರುತ್ತದೆ. ಬಿಡಿಸಿ ಹೇಳಿದರೆ ‘ಆಫ್ರಿಕದ ಮೂಲದ ಅಮೆರಿಕನ್’, ವಿಶೇಷಣ, ವಿಶೇಷ್ಯ. ಅಲ್ಲಿ ಪ್ರಧಾನವಾದುದು ಅಮೆರಿಕನ್ ಎಂಬುದೇ.

ನಮ್ಮ ದೇಶದಲ್ಲಿಯೂ ಅಂಥ ಪದವೊಂದಿದೆ: ‘ಆಂಗ್ಲೋ-ಇಂಡಿಯನ್’. ಇಲ್ಲಿ ಗೆರೆಯನ್ನು ತೆಗೆಯುವ ಹಾಗಿಲ್ಲ; ‘ಆಂಗ್ಲೋ’ ಎಂಬುದು ಕಾಲಿಲ್ಲದ ಪದ, ಒಂದರ ಆಸರೆಯಿಲ್ಲದೆ ನಿಲ್ಲಲಾರದು. ಗೆರೆ ಇಟ್ಟದ್ದಾಯಿತು, ಅರ್ಥವೇನು? ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮಾನ್ಯವಾಗಿ ಭಾರತದಲ್ಲಿ ನೆಲಸಿದ್ದ ಇಂಗ್ಲಿಷನೆಂದು ಅರ್ಥ. ಹಾಬ್ಸನ್-ಜಾಬ್ಸನ್ ತನ್ನ ಉಪಶೀರ್ಷಿಕೆಯಲ್ಲಿ ಈ ಪದವನ್ನು ಆ ಅರ್ಥದಲ್ಲಿಯೇ ಹೇಳುತ್ತದೆ. ಐರೋಪ್ಯ ತಂದೆ, ಭಾರತೀಯ ತಾಯಿ ಎಂಬ ಮಿಶ್ರಕುಲದವರಿಗೆ ಆಗ ‘ಯುರೇಷಿಯನ್’ ಎಂದು ಹೆಸರು. ಬೆಂಗಳೂರಿನ ವೈಟ್‌ಫೀಲ್ಡ್ ತಮಗೆ ಗೊತ್ತಿದೆ; ಇಂದು ಅದು ಗಗನಚುಂಬಿ ಕಟ್ಟಡಗಳ ಸ್ಥಳ. 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಅಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ಒಂದು ಸಂಘಕ್ಕೆ ಬೇಸಾಯದ ನೆಲೆಗಾಗಿ ದಯಪಾಲಿಸಿದರು. ಆ ಸಂಘದ ಹೆಸರಿನಲ್ಲಿ ‘ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್’ ಎಂದು ಎರಡು ಪದಗಳೂ ಇವೆ. ಎರಡಕ್ಕೂ ಅರ್ಥ ಒಂದೇ ಆಗಿದ್ದಿದ್ದರೆ ನಡುವೆ ‘ಮತ್ತು’ ಎಂಬುದು ಬರುತ್ತಿರಲಿಲ್ಲ.

1911ರ ಜನಗಣತಿಯ ಕಾಲಕ್ಕೆ ಸರ್ಕಾರ ಮಿಶ್ರಕುಲದವರನ್ನೇ ‘ಆಂಗ್ಲೋ-ಇಂಡಿಯನ್’ ಎಂದು ಕರೆಯಲು ಒಪ್ಪಿತು. ಗೆರೆ ಇದ್ದಲ್ಲಿಯೇ ಇತ್ತು. ಅದರ ಕೆಳಗಿನ ಜನ ಬದಲಾದರು. ರೈಲ್ವೆ, ತಂತಿ, ಸುಂಕದ ಇಲಾಖೆಗಳಲ್ಲಿ ಹುದ್ದೆ, ಶಾಲೆಗಳಿಗೆ ಸಹಾಯದ್ರವ್ಯ, ಆಮೇಲೆ ಶಾಸನಸಭೆಯ ಸ್ಥಾನ ಇವೆಲ್ಲ ಈ ಪದವನ್ನು ಅವಲಂಬಿಸಿದ್ದುದರಿಂದ ಇದಕ್ಕೆ ಶಾಸನವೇ ಲಕ್ಷಣ ಹೇಳಬೇಕಾಯಿತು. 1935ರ ಭಾರತ ಸರ್ಕಾರದ ಕಾಯಿದೆ ಹೇಳಿತು; 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 366ನೆಯ ವಿಧಿಯಲ್ಲಿ ಹೇಳಿತು. ಅದರ ಸಾರವಿದು: ಯಾರ ತಂದೆ, ಅಥವಾ ಗಂಡುಸಂತತಿಯ ಸಾಲಿನಲ್ಲಿ ಹಿಂದಿನ ಯಾವನೇ ಪುರುಷ, ಐರೋಪ್ಯ ವಂಶದವನೋ, ಯಾರು ಭಾರತದಲ್ಲಿ ನೆಲಸಿರುವರೋ, ಮತ್ತು ಇಲ್ಲಿಯೇ ಖಾಯಮ್ಮಾಗಿ ವಾಸಮಾಡುವ ತಂದೆತಾಯಿಗಳಿಗೆ ಇಲ್ಲಿಯೇ ಹುಟ್ಟಿದವರೋ ಅವರು.

ಈ ಲಕ್ಷಣವಾಕ್ಯವನ್ನು ಪದದ ಪಕ್ಕದಲ್ಲಿಟ್ಟು ನೋಡಿರಿ. ‘ಆಂಗ್ಲೋ’ ಎಂಬಲ್ಲಿ ಇಂಗ್ಲಿಷೇ ಇಲ್ಲ. ಪೋರ್ಚುಗೀಸನ ಮರಿಮಗನೂ ಡಚ್ಚನ ಮರಿಮಗನೂ ಆಂಗ್ಲೋ-ಇಂಡಿಯನನೇ. ತಾಯಿಯ ಮಾತು ಎಲ್ಲಿಯೂ ಇಲ್ಲ. ಲೋಕಸಭೆಗೆ ಇಬ್ಬರನ್ನೂ ನಮ್ಮ ವಿಧಾನಸಭೆಯೂ ಸೇರಿದಂತೆ ಕೆಲವು ರಾಜ್ಯಗಳ ಸಭೆಗಳಿಗೆ ಒಬ್ಬೊಬ್ಬರನ್ನೂ ನಾಮಕರಣ ಮಾಡುವ ಪದ್ಧತಿ ಈ ಲಕ್ಷಣದ ಮೇಲೆ ನಿಂತಿತ್ತು. 104ನೆಯ ತಿದ್ದುಪಡಿಯಿಂದ 2020ರ ಜನವರಿಯಲ್ಲಿ ಅದು ನಿಂತಿತು. ಲಕ್ಷಣವಾಕ್ಯ ಮಾತ್ರ ಸಂವಿಧಾನದಲ್ಲಿ ಉಳಿದಿದೆ.

ಕೆಲವು ವರ್ಷಗಳ ಹಿಂದೆ ನಾನು ಈ ಪದವನ್ನು ತರಗತಿಯಲ್ಲಿ ಹಲಗೆಯ ಮೇಲೆ ಬರೆದು, ಗೆರೆಯನ್ನು ವಿವರಿಸಿ, ಸಂವಿಧಾನದ ಅರ್ಥವನ್ನು ಓದಿ ಹೇಳಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಅವಳ ತಾಯಿಯ ಕಡೆಯವರು ನಾಲ್ಕು ತಲೆಮಾರುಗಳಿಂದ ಆಂಗ್ಲೋ-ಇಂಡಿಯನರು, ಅಜ್ಜ ರೈಲ್ವೆಯಲ್ಲಿ ಎಂಜಿನ್ ಡ್ರೈವರ್. ತಂದೆ ಹಾಸನದ ಕಡೆಯ ಕನ್ನಡಿಗರು. ಮನೆಯಲ್ಲಿ ತಾಯಿಯೊಡನೆ ಅವಳ ಮಾತು ಇಂಗ್ಲಿಷು, ತಂದೆಯೊಡನೆ ಕನ್ನಡ. “ಸರ್, ಹಾಗಾದರೆ ನಮ್ಮಮ್ಮ ಆಂಗ್ಲೋ-ಇಂಡಿಯನ್, ನಾನಲ್ಲವೇ?” ಎಂದು ಕೇಳಿದಳು. ಕಾನೂನಿನ ಪ್ರಕಾರ ಅಲ್ಲ ಎಂದೆ. ನಿಘಂಟಿನ ಪ್ರಕಾರ? ಹೌದು ಎಂದೆ. ಅವಳು ಸ್ವಲ್ಪ ಹೊತ್ತು ಹಲಗೆಯ ಮೇಲಿನ ಪದವನ್ನೇ ನೋಡುತ್ತಿದ್ದು, “ಆ ಗೆರೆಯನ್ನು ಎಳೆದವರು ನಮ್ಮಮ್ಮನನ್ನು ಕೇಳಿದ್ದರೆ ಆಗುತ್ತಿತ್ತು, ಸರ್” ಎಂದು ಹೇಳಿ ಕುಳಿತುಕೊಂಡಳು. ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷವಿದ್ದಿತು. ಅಂದಿನ ಪಾಠವನ್ನು ನಾನು ಅಲ್ಲಿಗೇ ನಿಲ್ಲಿಸಿದೆ.